ಕೋರ್ಟಿನಲ್ಲಿ ಗೆದ್ದ ಕಸದ ಬುಟ್ಟಿ

ಯಾವ ಆಪರೇಟಿಂಗ್ ಸಿಸ್ಟಂ ಮೇಲು ಎಂದು ವಿಂಡೋಸ್‌ನವರನ್ನು ಕೇಳಿದರೆ ‘ಆಫೀಸಲ್ಲಿ ಇದನ್ನೇ ಕೊಟ್ಟಿದ್ದಾರೆ’ ಎನ್ನುತ್ತಾರೆ. ಮ್ಯಾಕ್‌ನವರು ಕೇಳದಿದ್ದರೂ ಹೇಳುತ್ತಾರೆ. ಲಿನಕ್ಸ್‌ನವರು ಹೇಳಿ ಮುಗಿಸಿ, ನಮ್ಮ ಕಂಪ್ಯೂಟರ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಡುತ್ತಾರೆ. ಯಾರ ಕಡೆಯೂ ಅಲ್ಲದ ಸಾಕ್ಷಿಗಾಗಿ ಪರದೆಯನ್ನೆಲ್ಲ ತಡಕಿದೆ. ಮೂಲೆಯಲ್ಲಿ ಕಸದ ಬುಟ್ಟಿ ಕೂತಿತ್ತು. ಮೂರೂ ಮನೆಯಲ್ಲಿ ಕೆಲಸಕ್ಕಿರುವ ಜೀವ. ಇದಕ್ಕೆ ಗೊತ್ತಿಲ್ಲದ ಗುಟ್ಟು ಇನ್ಯಾರಿಗೆ ಗೊತ್ತಿದ್ದೀತು?

ನಮಸ್ಕಾರ ಬುಟ್ಟಿಯವರೇ. ಒಂದೊಂದು ಮನೆಯಲ್ಲಿ ನಿಮಗೆ ಒಂದೊಂದು ಹೆಸರಂತೆ?

ಹೌದು ಸ್ವಾಮಿ. ಮ್ಯಾಕ್ ಮನೆಯಲ್ಲಿ ಟ್ರ್ಯಾಶ್. ವಿಂಡೋಸ್ ಮನೆಯಲ್ಲಿ 1995ರಿಂದ ರಿಸೈಕಲ್ ಬಿನ್. ಅಲ್ಲಿ ಯಾರು ಏನನ್ನ ರಿಸೈಕಲ್ ಮಾಡ್ತಾರೆ ಅಂತ ಇವತ್ತಿಗೂ ನೋಡ್ತಾನೇ ಇದ್ದೀನಿ.

ಅದಕ್ಕೂ ಮುಂಚೆ, ವಿಂಡೋಸ್‌ನ ಹಿರಿಯಣ್ಣ ಡಾಸ್ ಇದ್ದ ಕಾಲದಲ್ಲಿ?

ಬುಟ್ಟಿಯೇ ಇರಲಿಲ್ಲ. ಫೈಲ್ ಅಳಿಸು ಅಂದರೆ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ ಕೈ ತೊಳ್ಕೊಳ್ಳೋರು. ಸರಕು ಡಿಸ್ಕಿನಲ್ಲೇ ಬಿದ್ದಿರ್ತಿತ್ತು, ಆ ಜಾಗಕ್ಕೆ ಇನ್ನೊಂದು ಬಂದು ಕೂರೋವರೆಗೆ. 1991ರಲ್ಲಿ ಡಾಸ್ 5ರ ಜೊತೆ ಅನ್‌ಡಿಲೀಟ್ ಅಂತ ಬಂತು. ಅದು ‘ಕಳೆದುಹೋದ ಮೊದಲ ಅಕ್ಷರ ಯಾವುದು?’ ಅಂತ ನಿಮ್ಮನ್ನೇ ಕೇಳ್ತಿತ್ತು. ‘ಸಾಲ’ ಅಳಿಸಿದವನು ‘ಬಾಲ’ ಅಂತ ವಾಪಸ್ ತರಬಹುದಿತ್ತು.

ಆ ಡಾಸ್ ಮೈಕ್ರೋಸಾಫ್ಟ್ ಹೆತ್ತ ಮಗುವೇ?

ದತ್ತು ಸ್ವಾಮಿ, ದತ್ತು. ಆಗ ಮೆರೀತಿದ್ದದ್ದು ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ. ಪಕ್ಷ ಅಲ್ಲ, ಆಪರೇಟಿಂಗ್ ಸಿಸ್ಟಮ್ಮೇ. 1980ರಲ್ಲಿ ಸಿಯಾಟಲ್‌ನ ಸಣ್ಣ ಕಂಪನಿಯೊಂದರಲ್ಲಿ ಟಿಮ್ ಪ್ಯಾಟರ್ಸನ್ ಅನ್ನೋರು ಅದರ ಅಚ್ಚಿನಲ್ಲೇ ಇನ್ನೊಂದು ಎರಕ ಹೊಯ್ದರು. ಹೆಸರೇನು ಗೊತ್ತಾ? ಕ್ಯೂಡಾಸ್, ಅಂದರೆ ಕ್ವಿಕ್ ಅಂಡ್ ಡರ್ಟಿ. ಗಡಿಬಿಡಿ, ಗಲೀಜು! ಮರುವರ್ಷ ಮೈಕ್ರೋಸಾಫ್ಟ್ ಅದನ್ನ 50,000 ಡಾಲರಿಗೆ ಪೂರಾ ಬರೆಸಿಕೊಂಡು ಐಬಿಎಂಗೆ ಒದಗಿಸ್ತು. ಐಬಿಎಂ ತನ್ನ ಪಿಸಿಗೆ ಎರಡನ್ನೂ ಮಾರಿತು, ಡಾಸ್‌ಗೆ 40 ಡಾಲರ್, ಸಿಪಿ/ಎಂಗೆ 240. ಯಾವುದು ಖರ್ಚಾಯ್ತು ಅಂತ ಹೇಳೋಕೆ ಶೆಟ್ಟರ ಅಂಗಡಿಯ ಹುಡುಗನೂ ಸಾಕು.

ಮ್ಯಾಕ್‌ನಿಂದ ವಿಂಡೋಸ್ ಕದ್ದದ್ದು ನಿಜವೇ?

ಇದಕ್ಕೆ ಸ್ವಲ್ಪ ಸಮಯ ಕೊಡಿ, ನನ್ನ ಜೀವನದ ಒಂದೇ ಒಂದು ಗೆಲುವಿನ ಕಥೆ. ಕಿಟಕಿ, ಮೌಸ್, ಚಿತ್ರ ಒತ್ತಿ ಕೆಲಸ ಮಾಡೋದು, ಇದೆಲ್ಲ ಜೆರಾಕ್ಸ್‌ನವರ ಪ್ರಯೋಗಶಾಲೆಯ ಕೂಸು. 1973ರಲ್ಲೇ ಆಲ್ಟೊ ಅನ್ನೋ ಯಂತ್ರ ಅಲ್ಲಿತ್ತು. 1979ರಲ್ಲಿ ಸ್ಟೀವ್ ಜಾಬ್ಸ್ ನೋಡ್ಕೊಂಡು ಬಂದರು. ಬರಿಗೈಯಲ್ಲೇನಲ್ಲ, ಆ್ಯಪಲ್ ಷೇರು ಕೊಳ್ಳೋ ಅವಕಾಶ ಜೆರಾಕ್ಸ್‌ಗೆ ಸಿಕ್ಕಿತ್ತು. 1983ರಲ್ಲಿ ಲಿಸಾ, ಮರುವರ್ಷ ಮ್ಯಾಕಿಂತಾಷ್. ಆ್ಯಪಲ್ ಮನೆಯಲ್ಲೇ ನಾನು ಬೆಳಕು ಕಂಡೆ. 1985ರಲ್ಲಿ ಬಿಲ್ ಗೇಟ್ಸ್‌ರ ವಿಂಡೋಸ್ ಬಂತು; ಆ್ಯಪಲ್ಲೇ ಅದಕ್ಕೆ ಲೈಸೆನ್ಸು ಬರೆದುಕೊಟ್ಟಿತ್ತು! ಎರಡನೇ ವಿಂಡೋಸ್ ಬಂದಾಗ ಹೊಟ್ಟೆ ಉರೀತು ನೋಡಿ. 1988ರಲ್ಲಿ ಮೈಕ್ರೋಸಾಫ್ಟ್ ಮೇಲೂ ಹೆಚ್‌ಪಿ ಮೇಲೂ ದಾವೆ.

ಆ್ಯಪಲ್ ದೂರಿದ ಪಟ್ಟಿಯಲ್ಲಿ 189 ಅಂಶ. 179ಕ್ಕೆ ನಿಮ್ಮದೇ ಲೈಸೆನ್ಸ್ ಇದೆಯಲ್ಲ ಅಂದಿತು ಕೋರ್ಟು. ಉಳಿದ ಹತ್ತರಲ್ಲಿ ಬಹುಪಾಲಿಗೆ ಹಕ್ಕೇ ನಿಲ್ಲಲಿಲ್ಲ. ಮೇಲ್ಮನವಿಯೂ 1994ರಲ್ಲಿ ಬಿತ್ತು. ಆ್ಯಪಲ್ ಪಾಲಿಗೆ ಉಳಿದದ್ದು ಹೆಚ್‌ಪಿಯ ನ್ಯೂವೇವ್ ಅನ್ನೋ ತಂತ್ರಾಂಶದಲ್ಲಿದ್ದ ಫೋಲ್ಡರ್ ಚಿತ್ರ ಮತ್ತು... ಯಾರು ಹೇಳಿ?

ನೀವು!

ನಾನು! ಘಟಾನುಘಟಿ ವಕೀಲರು ಆರು ವರ್ಷ ಬಡಿದಾಡಿ ಮನೆಗೆ ತಂದದ್ದು ಒಂದು ಕಸದ ಬುಟ್ಟಿ. ಮಧ್ಯೆ ಜೆರಾಕ್ಸ್‌ಗೆ ಎಚ್ಚರ ಆಗಿ ಆ್ಯಪಲ್ ಮೇಲೆ ಕೇಸ್ ಹಾಕಿತು. 1990ರಲ್ಲಿ ಅದರ ಬಹುಭಾಗವನ್ನ ನ್ಯಾಯಾಧೀಶರು ತಳ್ಳಿಹಾಕಿದರು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮ್ಯಾಕ್ ಮನೆಯಲ್ಲಿ ನಿಮ್ಮನ್ನು ಚೆನ್ನಾಗಿ ನೋಡಿಕೊಂಡರೇ?

ಎಲ್ಲಿಂದ? ಫ್ಲಾಪಿ ಹೊರಗೆ ತೆಗೀಬೇಕಾದರೂ ಅದನ್ನ ಎಳೆದು ನನ್ನೊಳಗೇ ಹಾಕೋದು ರೂಢಿಯಾಗಿತ್ತು. ವರ್ಷದ ಲೆಕ್ಕಪತ್ರ ಇರೋ ಫ್ಲಾಪಿಯನ್ನ ಕಸಕ್ಕೆ ಹಾಕೋವಾಗ ಹೊಸಬರ ಬೆರಳು ನಡುಗೋದು. ಬಳಸೋದಕ್ಕೆ ಇದಕ್ಕಿಂತ ಸುಲಭದ್ದಿಲ್ಲ ಅಂತ ಜಾಹೀರಾತು ಮಾತ್ರ ತಪ್ಪಲಿಲ್ಲ.

ಲಿನಕ್ಸ್ ಮನೆ?

ಆ ಮನೆತನ ಹಳೇದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕಟ್ಟಿದ ಯುನಿಕ್ಸ್ ಅದರ ಹಿರೀಕ. ಮಿತಭಾಷಿಗಳು. ‘ಆರ್‌ಎಂ’ ಅಂತ ಎರಡಕ್ಷರ ಒತ್ತಿದರೆ ಫೈಲ್ ನೇರ ಚಿತೆಗೇ, ನನ್ನ ದಾರಿ ಹಿಡಿಯೋದೇ ಇಲ್ಲ. ಪರದೆ ಮೇಲೆ ನನ್ನನ್ನ ಇಟ್ಕೊಂಡಿದ್ದಾರೆ, ನೆಂಟರು ಬಂದಾಗ ಇರಲಿ ಅಂತ.

1991ರಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದರ ಹುಡುಗ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆ ಅಂತ ಲಿನಕ್ಸ್ ಬರೆದ. ಮರುವರ್ಷವೇ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ‘ಇದು ಓಬೀರಾಯನ ಕಾಲದ ವಿನ್ಯಾಸ’ ಅಂತ ತೀರ್ಪು ಕೊಟ್ಟು ನನ್ನ ಕಡೆ ಬೊಟ್ಟು ಮಾಡಿದರು. ನಾನೂ ಬಾಯಿ ತೆರೆದು ಕೂತೆ. ಬರಲೇ ಇಲ್ಲ. 2017ರಿಂದ ಲೋಕದ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳಲ್ಲೂ ಲಿನಕ್ಸೇ. ಪ್ರೊಫೆಸರರದೇ ಆಪರೇಟಿಂಗ್ ಸಿಸ್ಟಂ ಮಿನಿಕ್ಸ್ ಕೂಡ ಸಾಯಲಿಲ್ಲ ಅನ್ನಿ. ಇಂಟೆಲ್ ಚಿಪ್ಪುಗಳ ಹೊಟ್ಟೇಲಿ ಗುಟ್ಟಾಗಿ ಸಂಸಾರ ಮಾಡ್ತಿತ್ತು, ಹೆತ್ತವರಿಗೇ ಒಂದು ಮಾತು ತಿಳಿಸಿರಲಿಲ್ಲ.

ಈಗಲೂ ಮೂರು ಮನೆಗೆ ಹಾವು-ಮುಂಗುಸಿಯೇ?

ಬೀದೀಲಿ ಮಾತ್ರ. 1996ರ ಕೊನೆಗೆ ಆ್ಯಪಲ್ ನೆಕ್ಸ್ಟ್ ಕಂಪನಿಯನ್ನ ಕೊಂಡಿತು, ಈಗಿನ ಮ್ಯಾಕ್‌ನ ಒಳಗಿರೋದು ಅಲ್ಲಿಂದ ಬಂದ ಯುನಿಕ್ಸ್ ಬಳುವಳಿ. 2001ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನ ಕ್ಯಾನ್ಸರ್ ಅಂದರು. ನಮ್ಮ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ ಆ ಕುರ್ಚಿಗೆ ಬಂದ ಮೇಲೆ ವಿಂಡೋಸ್ ಒಳಗೇ ಲಿನಕ್ಸ್‌ಗೆ ಒಂದು ಕೋಣೆ ಸಿಕ್ಕಿದೆ. ಕಸ ಗುಡಿಸೋಕೆ ಹೋದಾಗ ನೋಡ್ತೀನಲ್ಲ, ಒಬ್ಬರ ಮನೆ ಪಾತ್ರೆ ಇನ್ನೊಬ್ಬರ ಅಡುಗೆಮನೇಲಿ.

ಕನ್ನಡಿಗರ ಮನೆಯಲ್ಲಿ ಏನು ಕಂಡಿರಿ?

ನಿಮ್ಮವರನ್ನ ವಿಂಡೋಸ್‌ಗೆ ಕಟ್ಟಿಹಾಕಿದ್ದು ಬಿಲ್ ಗೇಟ್ಸ್ ಅಲ್ಲ, ನುಡಿ ಮತ್ತು ಬರಹ ಅನ್ನೋ ಕನ್ನಡ ತಂತ್ರಾಂಶಗಳು. ಎರಡೂ ವಿಂಡೋಸ್‌ಗೇ ಮಾಡಿದ್ದು. ಕಡತವೆಲ್ಲ ಅವುಗಳಲ್ಲಿ, ಯೂನಿಕೋಡ್‌ಗೆ ಮುಂಚಿನ ಅಕ್ಷರದಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು ತಲೆಗೆ ಟೋಪಿ, ಕೊಂಬು ಹಾಕ್ಕೊಂಡು ಯಕ್ಷಗಾನಕ್ಕೆ ನಿಂತಿರ್ತವೆ. ಹಾಳಾಗಿದೆ ಅಂದ್ಕೊಂಡು ಎಷ್ಟೋ ಜನ ಅದನ್ನ ತಂದು ನನಗೆ ಹಾಕ್ತಾರೆ. ಪರಿವರ್ತಕಕ್ಕೆ ಕೊಟ್ಟರೆ ಯೂನಿಕೋಡ್ ಆಗಿ ಎದ್ದು ಬರ್ತದೆ ಸ್ವಾಮಿ! ಕನ್ನಡ ಟೈಪಿಸೋ ಕಗಪ ಕೀಲಿಮಣೆಯಂತೂ ಲಿನಕ್ಸ್‌ನಲ್ಲೂ ಇದೆ. ಯಾರಿಗೆ ಹೇಳೋಣ?

ಕೊನೆಯ ಪ್ರಶ್ನೆ. ನಾನು ಯಾವುದನ್ನು ಹಾಕಿಕೊಳ್ಳಲಿ?

ನನ್ನನ್ನೇನು ಕೇಳ್ತೀರಿ? ‘ಲಿನಕ್ಸ್ ಹಾಕಿಕೊಳ್ಳುವ ವಿಧಾನ’ ಅಂತ ನಿಮ್ಮದೇ ಒಂದು ಫೈಲ್ ನನ್ನ ಹತ್ತಿರ ಇದೆ. ಮೂರು ಸಲ ಬಿಸಾಡಿದ್ದೀರಿ, ಎರಡು ಸಲ ವಾಪಸ್ ತಗೊಂಡಿದ್ದೀರಿ. ಇವತ್ತು ಖಾಲಿ ಮಾಡಬೇಕು ಅಂತಿದ್ದೆ. ಇಟ್ಟಿರಲೇ?