ಅಂಬಾಸಿಡರಿಗೊಂದು ಒದ್ದೆ ಗೋಣಿ

ಅಪ್ಪ ಬಿಟ್ಟುಹೋದ ಅಂಬಾಸಿಡರ್ ನನ್ನದು, ಮಾರುತಿ ಎಂಟುನೂರು ನನ್ನ ಭಾವಮೈದನದು. ನನ್ನದು 1950ರ ದಶಕದ ಮಾರಿಸ್ ಆಕ್ಸ್‌ಫರ್ಡಿನ ಅಚ್ಚು, ಉತ್ತರಪಾರಾದ ಎರಕ. ಅವನದು 1983ರಲ್ಲಿ ಬಂದ ಜಪಾನೀ ತಳಿ, ಇರುವುದೇ ಮೂರು ಸಿಲಿಂಡರ್. ನನ್ನದರಲ್ಲಿ ಗೇರು ಸ್ಟಿಯರಿಂಗಿನ ಪಕ್ಕಕ್ಕಿರುವುದರಿಂದ ಮುಂದಿನ ಸೀಟಿನಲ್ಲೇ ಅರ್ಧ ದಿಬ್ಬಣ ಕೂರುತ್ತದೆ. ಅವನದರಲ್ಲಿ ಹಿಂದೆ ಕೂತವರ ಮಂಡಿ ಗಲ್ಲಕ್ಕೆ ತಾಗುತ್ತದೆ. ಯಾವುದು ಮೇಲು ಎಂಬ ಜಗಳ ಶಿವಮೊಗ್ಗದ ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ನಡೆಯುತ್ತಿತ್ತು.

ಒಂದು ವೈಶಾಖದಲ್ಲಿ ಭದ್ರಾವತಿಯಲ್ಲಿ ಮದುವೆ ಬಂತು. ಎರಡೂ ಹೊರಡಲಿ, ನ್ಯಾಯ ತೀರಲಿ ಎಂದೆ. ಮಲವಗೊಪ್ಪ, ಮಾಚೇನಹಳ್ಳಿ ದಾಟಿದ್ದೇ ತಿಳಿಯಲಿಲ್ಲ. ಕಡದಕಟ್ಟೆಯಲ್ಲಿ ರೈಲ್ವೆ ಗೇಟು ಹಾಕಿತ್ತು. ತೆರೆದಾಗ ಮಾರುತಿ ಕುಯ್ಯೆಂದು ಹೋಯಿತು. ನನ್ನದು ಕೆಮ್ಮಿ ಸುಮ್ಮನಾಯಿತು.

ಕಾವಿಗೆ ಪಂಪಿನಲ್ಲೇ ಪೆಟ್ರೋಲ್ ಆವಿಯಾದರೆ ಕಾರ್ಬುರೇಟರಿಗೆ ಹನಿಯೂ ತಲುಪದು. ಮದ್ದು, ಪಂಪಿನ ಮೇಲೊಂದು ಒದ್ದೆ ಬಟ್ಟೆ. ಕಾರಿನಲ್ಲಿದ್ದ ಬಟ್ಟೆಯೆಲ್ಲ ರೇಷ್ಮೆ. ನನ್ನ ಕಣ್ಣು ತನ್ನ ಸೆರಗಿನ ಮೇಲೆ ಬಿದ್ದದ್ದನ್ನು ನೋಡಿ ನನ್ನಾಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಗೇಟಿನ ಬಳಿ ಸೌತೆಕಾಯಿ ಮಾರುತ್ತಿದ್ದವಳ ಬುಟ್ಟಿಯ ಮೇಲಿದ್ದ ಒದ್ದೆ ಗೋಣಿ ಕಂಡಿತು.

"ಗೋಣಿ ಕೊಡಮ್ಮ."

"ಗೋಣಿ ಕೊಟ್ರೆ ಕಾಯಿ ಬಾಡ್ತಾವೆ ಸ್ವಾಮಿ."

"ಹಾಗಾದ್ರೆ ಕಾಯೂ ಕೊಡು."

ಇಡೀ ಬುಟ್ಟಿ ಕೊಂಡೆ. ಆಕೆಯೇ ಬಂದು, ಜ್ವರದ ಮಗುವಿನ ಹಣೆಗೆ ಹಾಕಿದಷ್ಟು ಮೆಲ್ಲಗೆ ಪಂಪಿನ ಮೇಲೆ ಗೋಣಿ ಹಾಸಿದಳು. ಆಮೇಲೆ ಕಾಯಿ ಸೀಳಿ, ಉಪ್ಪುಕಾರ ಸವರಿ, ನೆರೆದವರಿಗೆಲ್ಲ ನನ್ನ ಲೆಕ್ಕದಲ್ಲಿ ಹಂಚತೊಡಗಿದಳು. ಬಸ್ಸಿನ ಕಂಡಕ್ಟರ್ ಇಳಿದು ಬಂದ. ಕಾರ್ಖಾನೆಯ ನಿವೃತ್ತರೊಬ್ಬರು ಸೌತೆಕಾಯಿಯಿಂದಲೇ ಡಿಸ್ಟ್ರಿಬ್ಯೂಟರ್ ತೋರಿಸುತ್ತಾ ಪಾಠ ಮಾಡಿದರು. ಬೈಕಿನ ಹುಡುಗನೊಬ್ಬ, "ಅಂಕಲ್, ಮೈಲೇಜ್ ಎಷ್ಟು?" ಅಂದ. ಜನ್ಮದಲ್ಲಿ ಒಂದು ಕಾರು ತಳ್ಳದವರೇ ಈ ಪ್ರಶ್ನೆ ಕೇಳುವುದು. ನನ್ನ ಬಾಯಲ್ಲಿ ಕಾಯಿ ಇದ್ದುದರಿಂದ ಅವನು ಬಚಾವಾದ. ಕೊನೆಗೆ ಎಂಜಿನ್ ಗುಡುಗಿತು, ಜನ ಚಪ್ಪಾಳೆ ತಟ್ಟಿದರು, ಗೇಟು ಮತ್ತೆ ಬಿತ್ತು.

ಮುಹೂರ್ತ ತಪ್ಪಿತು, ಊಟ ಸಿಕ್ಕಿತು. ಮಾರುತಿಯಲ್ಲಿ ಬಂದವರ ಬಳಿ ಹೇಳಲು ಒಂದು ಕಥೆಯೂ ಇರಲಿಲ್ಲ.

ಈಚೆಗೆ ಭದ್ರಾವತಿಯ ಗುಜರಿಯವನೊಬ್ಬ ಜಗಳವನ್ನು ಒಂದೇ ಮಾತಿನಲ್ಲಿ ಮುಗಿಸಿದ: "ಮಾರುತಿ 650 ಕೆಜಿ, ಅಂಬಾಸಿಡರ್ 1,100ರ ಮೇಲೆ. ನಿಮ್ದೇ ಮೇಲು ಸಾರ್." ಗೆದ್ದರೂ ಹೊಟ್ಟೆಯಲ್ಲಿ ಸಂಕಟವಾಯಿತು. ಎರಡೂ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಅದರ ಬೆನ್ನಿಗೆ ಭದ್ರಾವತಿಯ ಕಾಗದದ ಕಾರ್ಖಾನೆ ನಿಂತಿತು. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಮಾತು 2023ರಲ್ಲಿ ಬಂತು. ಕಬ್ಬಿಣ ಕಾಯಿಸಿ ಬದುಕಿದ ಊರಿನಲ್ಲಿ ಈಗ ಏನು ನಿಂತರೂ ಮೊದಲು ಕೇಳುವುದು ತೂಕ.

"ಕೊಡಬೇಡಿ ಭಾವ," ಎಂದು ಭಾವಮೈದ ಮೊದಲ ಬಾರಿ ನನ್ನ ಪಕ್ಷಕ್ಕೆ ಬಂದ. ಬಂದವನು ಮಾರುತಿಯನ್ನೂ ನಮ್ಮ ಶೆಡ್ಡಿಗೇ ತಂದ. ಜಾಗ ಸಾಲದೆ, ಮನೆಯಲ್ಲಿ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದ್ದ ಸ್ಕೂಟರನ್ನು ಮಾರಿದೆವು.