ಗೀರುಮೀಮಾಂಸೆ: ಇಲ್ಲದಿರುವುದನ್ನು ಉಜ್ಜಿ ತೆಗೆಯುವ ಬಗೆ

ಗೀರು ಎಂದರೇನೆಂದು ತೀರ್ಮಾನಿಸದೆ ಅದನ್ನು ತೆಗೆಯಲು ಹೊರಟವರಿಂದಲೇ ಲೋಕದ ಅರ್ಧದಷ್ಟು ಕಿಟಕಿಗಳು ಮಸುಕಾಗಿವೆ. ಆದಕಾರಣ ಈ ಪ್ರಬಂಧವು ಮೊದಲು ವಸ್ತುನಿರ್ಣಯ, ಅನಂತರ ಪರಮತಖಂಡನ, ಕೊನೆಗೆ ಪುರುಸೊತ್ತಾದರೆ ಉಪಾಯ ಎಂಬ ಕ್ರಮವನ್ನು ಹಿಡಿಯುತ್ತದೆ. ಉಪಾಯವಷ್ಟೇ ಬೇಕಾದವರು ಒಂದು ಬಕೆಟ್ ಸಾಬೂನು ನೀರು ಮಾಡಿಟ್ಟುಕೊಂಡು ಅಲ್ಲಿಯತನಕ ಜಗಲಿಯ ಮೇಲೆ ಕೂತಿರಬಹುದು.

ವಸ್ತುವಾಗಿ ಆರಿಸಿಕೊಂಡಿರುವುದು ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ 1955ರಿಂದ 1964ರವರೆಗೆ ತಯಾರಾದ ಮೆಸರ್‌ಶ್ಮಿಟ್ ಕೆಆರ್200 ಎಂಬ ವಾಹನ. ಮೂರು ಚಕ್ರ, 191 ಸಿಸಿ ಎಂಜಿನ್, ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಕೂರುವ ಸೀಟು, ತಲೆಯ ಮೇಲೆ ಅಕ್ರಿಲಿಕ್ ಗುಮ್ಮಟ. ಬಾಗಿಲೆಂಬುದಿಲ್ಲ, ಗುಮ್ಮಟವನ್ನೇ ಪಕ್ಕಕ್ಕೆ ಮಗುಚಿ ಒಳಗಿಳಿಯಬೇಕು. ರಿವರ್ಸ್ ಗೇರೂ ಇಲ್ಲ. ಎಂಜಿನ್ ಆರಿಸಿ, ಅದು ತಿರುಗುಮುರುಗಾಗಿ ಸುತ್ತುವಂತೆ ಮತ್ತೆ ಶುರುಮಾಡಿದರೆ ನಾಲ್ಕಕ್ಕೆ ನಾಲ್ಕೂ ಗೇರುಗಳಲ್ಲಿ ಹಿಂದಕ್ಕೆ ಓಡಬಹುದು. ಹಿಂದಕ್ಕೂ ನಾಲ್ಕನೇ ಗೇರಿನಲ್ಲಿ ಹೋಗಬಲ್ಲ ಗಾಡಿಗೆ ಹಿಂಬದಿಯ ಕಿಟಕಿ ನಿಚ್ಚಳವಾಗಿರಬೇಕೆಂಬುದು ಬರಿಯ ಅಲಂಕಾರದ ಪ್ರಶ್ನೆಯಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಗುಮ್ಮಟದ ಕುರಿತು ಒಂದು ಐತಿಹ್ಯವುಂಟು: ಎರಡನೇ ಮಹಾಯುದ್ಧ ಮುಗಿದ ಮೇಲೆ ಗೋದಾಮಿನಲ್ಲಿ ಉಳಿದಿದ್ದ ಯುದ್ಧವಿಮಾನಗಳ ಮುಚ್ಚಳಗಳನ್ನೇ ತಂದು ಕಾರಿಗೆ ಕೂಡಿಸಿದರು ಎಂದು. ಕೇಳಲು ಸೊಗಸಾಗಿದೆ, ಆದರೆ ಸುಳ್ಳು. ಮೆಸರ್‌ಶ್ಮಿಟ್ ಕಂಪನಿಗೆ ಆಗ ವಿಮಾನ ಕಟ್ಟುವ ಅನುಮತಿ ಇರಲಿಲ್ಲ. ಕಾರ್ಖಾನೆ ಖಾಲಿ ಬಿದ್ದಿತ್ತು. ಫ್ರಿಟ್ಸ್ ಫೆಂಡ್ ಎಂಬ ಎಂಜಿನಿಯರು ಯುದ್ಧದಲ್ಲಿ ಅಂಗವಿಕಲರಾದವರಿಗೆಂದು ಮಾಡುತ್ತಿದ್ದ ಮೂರು ಚಕ್ರದ ಪುಟ್ಟ ಗಾಡಿಯೇ ಅಲ್ಲಿ ಬೆಳೆದು ಇದಾಯಿತು. ಗುಮ್ಮಟವನ್ನು ಕಾರಿಗಾಗಿಯೇ ಮಾಡಿದ್ದು. ಅಕ್ರಿಲಿಕ್ಕಿಗೆ ಗಾಜಿನ ಅರ್ಧಕ್ಕಿಂತ ಕಡಿಮೆ ತೂಕ, ಕಾಯಿಸಿದರೆ ಬೇಕಾದ ಆಕಾರಕ್ಕೆ ಬಾಗುವ ಗುಣ. ಅಷ್ಟು ಸಣ್ಣ ಎಂಜಿನ್ನಿಗೆ ಇನ್ನೇನು ಹೊರಿಸಲಾದೀತು?

ಜರ್ಮನರು ಇದನ್ನು ಸ್ನೋವೈಟಳ ಶವಪೆಟ್ಟಿಗೆ ಎಂದು ಕರೆದು ನಕ್ಕರು. ವಿದ್ವಾಂಸರು ಈ ಹೆಸರಿನ ಆಳಕ್ಕೆ ಇಳಿದಂತಿಲ್ಲ. ಆ ಕಥೆಯಲ್ಲಿ ರಾಜಕುಮಾರ ನಿಂತದ್ದು ಪೆಟ್ಟಿಗೆಯ ಗಾಜಿನ ಮೂಲಕ ಮುಖ ಕಂಡದ್ದರಿಂದ. ಕುಬ್ಜರು ದಿನಾ ಒಣಬಟ್ಟೆಯಲ್ಲಿ ಅದರ ದೂಳು ಒರೆಸಿದ್ದರೆ, ಪೆಟ್ಟಿಗೆ ಅಕ್ರಿಲಿಕ್ಕಿನದಾಗಿದ್ದರೆ, ಆತ ಕುದುರೆ ನಿಲ್ಲಿಸದೆ ಮುಂದೆ ಹೋಗುತ್ತಿದ್ದ.

ಇನ್ನು ದ್ರವ್ಯವಿಚಾರ. ಅಕ್ರಿಲಿಕ್ಕಿನ ಶಾಸ್ತ್ರೀಯ ಹೆಸರು ಪಾಲಿಮಿಥೈಲ್ ಮೆಥಾಕ್ರಿಲೇಟ್. ಜರ್ಮನಿಯ ಓಟೋ ರೋಮ್ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂದು ಹೆಸರಿಟ್ಟ. ಬ್ರಿಟನ್ನಿನ ಐಸಿಐ ಕಂಪನಿ ಪರ್ಸ್ಪೆಕ್ಸ್ ಎಂದು ಮಾರಿತು. ಬಿದ್ದ ಬೆಳಕಿನಲ್ಲಿ ಶೇ. 92ರಷ್ಟನ್ನು ದಾಟಿಸುತ್ತದೆ, ಬಿಸಿಲಿಗೆ ಅಷ್ಟು ಬೇಗ ಹಳದಿಯಾಗದು. ದೋಷ ಒಂದೇ, ಬಲು ಮೆದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೀದಿಯ ದೂಳಿನೊಳಗಿನ ಬೆಣಚುಕಲ್ಲಿನ ಕಣ 7ರಲ್ಲಿದ್ದರೆ, ಕಿಟಕಿಯ ಗಾಜು ಸುಮಾರು 5.5ರಲ್ಲಿ, ಅಕ್ರಿಲಿಕ್ ಮೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೆಗಲ ಮೇಲಿನ ಟವೆಲ್ ತೆಗೆದು ‘ಒಂದ್ಸಲ ಒರೆಸಿಬಿಡೋಣ’ ಎನ್ನುವ ಸಜ್ಜನ ವಾಸ್ತವದಲ್ಲಿ ಕಲ್ಲುಪುಡಿ ಹಿಡಿದು ಉಜ್ಜುತ್ತಿರುತ್ತಾನೆ.

ಇಲ್ಲೊಂದು ವಿಚಿತ್ರವಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮುಚ್ಚಳದ ಪರ್ಸ್ಪೆಕ್ಸ್ ಚೂರುಗಳು ಹೊಕ್ಕಾಗ ಕಣ್ಣು ಅವನ್ನು ಪ್ರತಿಭಟಿಸದೆ ಸುಮ್ಮನಿರುವುದನ್ನು ಹ್ಯಾರಲ್ಡ್ ರಿಡ್ಲಿ ಎಂಬ ನೇತ್ರತಜ್ಞರು ಗಮನಿಸಿದರು. 1949ರಲ್ಲಿ ಅದೇ ವಸ್ತುವಿನಿಂದ ಮಸೂರ ಮಾಡಿಸಿ ಲಂಡನ್ನಿನ ಆಸ್ಪತ್ರೆಯಲ್ಲಿ ರೋಗಿಯ ಕಣ್ಣೊಳಗೆ ಕೂಡಿಸಿದರು. ಪೊರೆ ತೆಗೆಸಿಕೊಂಡ ನಮ್ಮ ಅದೆಷ್ಟೋ ಅಜ್ಜ–ಅಜ್ಜಿಯರ ಕಣ್ಣಲ್ಲಿ ಇರುವುದೂ ಈ ವಂಶದ ಮಸೂರವೇ. ಹೀಗೆ ಒಂದೇ ದ್ರವ್ಯ ಮನುಷ್ಯನ ಕಣ್ಣಿನ ಪೊರೆಯನ್ನು ನಿವಾರಿಸಿತು, ಕಾರಿನ ಕಣ್ಣಿಗೆ ಪೊರೆ ತಂದಿತು. ಎರಡರ ನಡುವಿನ ವ್ಯತ್ಯಾಸವಿಷ್ಟೇ: ಕಣ್ಣೊಳಗಿನದನ್ನು ಯಾರೂ ಟವೆಲ್ಲಿನಿಂದ ಒರೆಸುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಗೀರು ಭಾವಪದಾರ್ಥವೋ ಅಭಾವವೋ? ಸಾಮಾನ್ಯರು ಅದನ್ನು ಕೊಳೆಯ ಜಾತಿಗೆ ಸೇರಿಸುತ್ತಾರೆ. ಕಿಟಕಿಯ ಮೇಲೆ ಏನೋ ಕೂತಿದೆ, ಕಿತ್ತು ಹಾಕಿದರಾಯಿತು ಎಂದು. ಇದು ಮೂಲದಲ್ಲೇ ತಪ್ಪು. ಗೀರಿನ ಜಾಗದಲ್ಲಿ ಇರುವುದು ಏನೂ ಅಲ್ಲ. ಇರಬೇಕಾಗಿದ್ದ ಪ್ಲಾಸ್ಟಿಕ್ ಇಲ್ಲದಿರುವುದೇ ಗೀರು. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಪ್ರಧ್ವಂಸಾಭಾವಕ್ಕೆ, ಅಂದರೆ ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆಗೆ, ಆದಿಯುಂಟು ಅಂತ್ಯವಿಲ್ಲ ಎಂಬುದು ಅವರ ಮತ. ಅವರಲ್ಲಿ ಯಾರ ಬಳಿಯೂ ಕೆಆರ್200 ಇರಲಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ. ಇಲ್ಲದಿರುವುದನ್ನು ತೆಗೆಯಲಾಗದು. ಗೀರಿನ ತಳ ಎಷ್ಟು ಆಳದಲ್ಲಿದೆಯೋ ಸುತ್ತಲಿನ ಒಳ್ಳೆಯ ಪ್ಲಾಸ್ಟಿಕ್ಕನ್ನೆಲ್ಲ ಅಷ್ಟು ಆಳಕ್ಕೆ ತಂದು ನಿಲ್ಲಿಸುವುದೊಂದೇ ದಾರಿ. ತಪ್ಪು ಮಾಡದ ನೆರೆಹೊರೆಯನ್ನು ಸವೆಸಿ ಸಮಾನತೆ ಸ್ಥಾಪಿಸುವ ಈ ನೀತಿಗೆ ಆಡಳಿತದಲ್ಲೂ ಉದಾಹರಣೆಗಳು ಸಿಗುತ್ತವೆ, ಸ್ಥಳಾಭಾವದಿಂದ ಬಿಟ್ಟಿದೆ.

ಇದಕ್ಕೆ ವಿರೋಧವಾಗಿ ಮೂರು ಪಂಥಗಳು ಪ್ರಚಾರದಲ್ಲಿವೆ.

ಮೊದಲನೆಯದು ಮಾಯಾವಾದ. ಕಿಟಕಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ನೋಡಿ, ಗೀರು ಕಾಣೆಯಾಗುತ್ತದೆ, ಕಾಣದಿರುವುದು ಇಲ್ಲ, ಆದ್ದರಿಂದ ಗೀರು ಮಿಥ್ಯೆ ಎಂಬುದು ಇವರ ವಾದ. ಪ್ರಯೋಗ ನಿಜವೇ. ಅಕ್ರಿಲಿಕ್ಕಿನ ವಕ್ರೀಭವನಾಂಕ 1.49, ಕೊಬ್ಬರಿ ಎಣ್ಣೆಯದು 1.45ರ ಹತ್ತಿರ. ಗೀರಿನೊಳಗಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿದಾಗ ಬೆಳಕಿಗೆ ಎಲ್ಲಿ ಪ್ಲಾಸ್ಟಿಕ್ ಮುಗಿಯಿತು, ಎಲ್ಲಿ ಎಣ್ಣೆ ಶುರುವಾಯಿತು ಎಂದು ಅಷ್ಟಾಗಿ ಗೊತ್ತಾಗುವುದಿಲ್ಲ, ಚದುರದೆ ದಾಟಿಹೋಗುತ್ತದೆ. ಆದರೆ ಸಂಜೆಯ ಹೊತ್ತಿಗೆ ಊರಿನ ದೂಳೆಲ್ಲ ಬಂದು ಎಣ್ಣೆಗೆ ಅಂಟುತ್ತದೆ, ಟವೆಲ್ಲಿನ ಸಜ್ಜನ ಮತ್ತೆ ಪ್ರವೇಶಿಸುತ್ತಾನೆ. ಡಬ್ಬಿಯಲ್ಲಿ ಮಾರುವ ಹಲವು ‘ಸ್ಕ್ರ್ಯಾಚ್ ರಿಮೂವರ್’ ಮೇಣಗಳು ಈ ಪಂಥದವೇ, ಪರಿಮಳ ಮಾತ್ರ ಬೇರೆ.

ಎರಡನೆಯದು ದಂತಧಾವನ ಪಂಥ. ಇದರ ಪೀಠ ಬೆಂಗಳೂರು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಇಲ್ಲಿ 1961ರಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ‘ಜನತಾ’ದಂಥ ಅದರ ಗಡಿಯಾರಗಳ ಮೇಲಿನ ‘ಗಾಜು’ ಗಾಜಲ್ಲ, ಅಕ್ರಿಲಿಕ್. ಭಾನುವಾರ ಬೆಳಿಗ್ಗೆ ಅದರ ಮೇಲೆ ಕಡಲೆಕಾಳಿನಷ್ಟು ಬಿಳಿ ಟೂತ್‌ಪೇಸ್ಟ್ ಇಟ್ಟು, ಹಳೆಯ ಬನಿಯನ್ ಚೂರಿನಲ್ಲಿ ಬೆರಳ ತುದಿಯಿಂದ ಗುಂಡಗೆ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಇನ್ನೂ ಒಂದು ಕೈ ತಿಕ್ಕಿ ಕಟ್ಟಿಕೊಳ್ಳುವ ವಿಧಿಯನ್ನು ಒಂದು ತಲೆಮಾರಿನ ಗುಮಾಸ್ತರು, ಮೇಷ್ಟ್ರುಗಳು ನಿಷ್ಠೆಯಿಂದ ಪಾಲಿಸಿದ್ದಾರೆ. ಪೇಸ್ಟಿನೊಳಗಿನ ಸುಣ್ಣಕಲ್ಲಿನ ಪುಡಿಯೋ ಸಿಲಿಕಾವೋ ಹಲ್ಲನ್ನು ಉಜ್ಜಿದಂತೆ ಅಕ್ರಿಲಿಕ್ಕನ್ನೂ ಉಜ್ಜುತ್ತದೆ. ಈ ಪಂಥವನ್ನು ಪ್ರಬಂಧಕಾರ ಪೂರ್ತಿ ಅಲ್ಲಗಳೆಯುವುದಿಲ್ಲ. ಉಗುರಿಗೆ ಸಿಗದ ತೆಳುಗೀರಿಗೆ ಇದು ಸಾಕು. ಆದರೆ ಒಂದು ರೂಪಾಯಿ ನಾಣ್ಯದಗಲದ ಮೇಲೆ ಸಿದ್ಧಿಸಿದ ಮಂತ್ರವನ್ನು ಇಬ್ಬರು ಮನುಷ್ಯರನ್ನು ಮುಚ್ಚುವ ಗುಮ್ಮಟದ ಮೇಲೆ ಜಪಿಸಲು ಹೋದರೆ ಮನೆಮಂದಿಯ ಹಲ್ಲಿಗೆ ಪೇಸ್ಟ್ ಉಳಿಯದು.

ಮೂರನೆಯದು ಬಫಿಂಗ್ ಪಂಥ. ಗ್ಯಾರೇಜಿನಲ್ಲಿ ಇದರದೇ ಆಳ್ವಿಕೆ. ಇವರ ಪೂರ್ವಪಕ್ಷ ಹೀಗಿದೆ: ‘ಸಾರ್, ಉಜ್ಜೋ ಪೇಪರ್ ಗೀಪರ್ ಯಾಕೆ? ಹೆಡ್‌ಲೈಟ್ ಎಲ್ಲಾ ನಾವೇ ಮಾಡೋದಲ್ವಾ? ಕಾಂಪೌಂಡ್ ಹಾಕಿ ಮಷೀನ್ ಬಿಟ್ರೆ ಐದೇ ನಿಮಿಷ.’ ಉತ್ತರ: ಮೇಸ್ತ್ರಿಗಳೇ, ಈಗಿನ ಕಾರುಗಳ ಹೆಡ್‌ಲೈಟಿನ ಮುಖ ಪಾಲಿಕಾರ್ಬೊನೇಟ್, ಇದು ಅಕ್ರಿಲಿಕ್, ಇದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ವೇಗವಾಗಿ ತಿರುಗುವ ಉಣ್ಣೆಯ ಚಕ್ರ ಒಂದೇ ಕಡೆ ನಿಂತರೆ ಮೇಲ್ಮೈ ಕರಗಿ ಎಳೆದುಕೊಳ್ಳುತ್ತದೆ. ನೀವು ಹೇಳಿದ ಐದು ನಿಮಿಷ ನಿಜ, ಆದರೆ ಅದು ಕಿಟಕಿ ಕೆಡಲು ಹಿಡಿಯುವ ಸಮಯ.

ಪರಮತಗಳು ಬಿದ್ದುವು. ಇನ್ನು ಸಿದ್ಧಾಂತ. ಜಗಲಿಯಲ್ಲಿ ಕೂತವರು ಎದ್ದು ಬರಬಹುದು.

ಮೊದಲು ಪ್ರೋಕ್ಷಣೆ. ಬಟ್ಟೆ ಮುಟ್ಟಿಸುವ ಮುನ್ನ ಧಾರಾಳವಾಗಿ ನೀರು ಸುರಿದು ದೂಳನ್ನು ಇಳಿಸಬೇಕು, ಆಮೇಲೆ ಮೆದು ಸಾಬೂನು ನೀರಿನಲ್ಲಿ ಬರಿಗೈಯಿಂದ ಸವರಬೇಕು. ಬಳಿಕ ಉಗುರಿನ ಪ್ರಮಾಣ: ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದಾಗ ತಡೆಯದಿದ್ದರೆ ಪಾಲಿಶ್ ಸಾಕು, ತಡೆದರೆ ವಾಟರ್ ಪೇಪರ್, ಅಂದರೆ ನೀರಿನಲ್ಲಿ ನೆನೆಸಿ ಉಜ್ಜುವ ಮರಳುಕಾಗದ, ಅನಿವಾರ್ಯ.

800ರ ವಾಟರ್ ಪೇಪರನ್ನು (ಅಂಕಿ ಏರಿದಂತೆ ಕಣ ಸಣ್ಣ) ನೆನೆಸಿ, ರಬ್ಬರ್ ತುಂಡಿಗೆ ಸುತ್ತಿ, ಒಂದೇ ದಿಕ್ಕಿನಲ್ಲಿ, ಗೀರಿಗಿಂತ ಎಷ್ಟೋ ಅಗಲಕ್ಕೆ ಉಜ್ಜಬೇಕು. ಮೊದಲ ಕೆಲವು ಎಳೆತಕ್ಕೇ ಬೆರಳ ಸಂದಿಯಿಂದ ಅಕ್ಕಚ್ಚಿನಂಥ ನೀರು ಇಳಿಯತೊಡಗುತ್ತದೆ. ಅದು ಕೊಳೆಯಲ್ಲ, ಕಿಟಕಿ. ಅಷ್ಟಗಲ ಜಾಗ ಬೆಳ್ಳಗೆ ಮಂಜುಗಟ್ಟಿ ಆಚೆಯದೇನೂ ಕಾಣದಾಗುತ್ತದೆ. ಈ ಘಟ್ಟದಲ್ಲಿ ಮನೆಯವರನ್ನು ಹತ್ತಿರ ಬಿಡಕೂಡದು. ‘ರೀ, ಮುಂಚೆ ಒಂದು ಗೆರೆ ಇತ್ತು, ಈಗ ರಸ್ತೇನೇ ಕಾಣಲ್ವಲ್ಲ’ ಎಂಬ ಆಕ್ಷೇಪ ಪ್ರತ್ಯಕ್ಷ ಪ್ರಮಾಣದಿಂದ ಸಿದ್ಧವಾದುದರಿಂದ ಅದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ.

ಅನಂತರ 1200ರ ಪೇಪರಿನಿಂದ ಮೊದಲಿನದಕ್ಕೆ ಅಡ್ಡಲಾಗಿ ಉಜ್ಜಬೇಕು. ಹಳೆಯ ಗೆರೆಗಳು ಉದ್ದಕ್ಕೆ, ಹೊಸವು ಅಡ್ಡಕ್ಕೆ. ಉದ್ದದವು ಒಂದೂ ಕಾಣದಾದಾಗ ಮುಂದಿನ ಪೇಪರ್. ಹೀಗೆಯೇ 2000, 3000. ಒಂದೊಂದು ಹಂತಕ್ಕೂ ಕೈ, ಕಿಟಕಿ, ರಬ್ಬರ್ ತುಂಡು ಎಲ್ಲವನ್ನೂ ತೊಳೆದು ಬಕೆಟ್ಟಿನ ನೀರು ಚೆಲ್ಲಬೇಕು. 800ರ ಒಂದೇ ಒಂದು ಕಣ ತಳದಲ್ಲಿ ಉಳಿದಿದ್ದರೂ ಅದು 2000ರ ಹಂತದಲ್ಲಿ ಎದ್ದು ಬಂದು, ಹೊಳೆಯುವ ಮೈಮೇಲೆ ಈ ಕೊನೆಯಿಂದ ಆ ಕೊನೆಗೆ ಒಂದು ಗೆರೆ ಎಳೆದು, ತಪಸ್ವಿಯನ್ನು ಮತ್ತೆ ಮೊದಲ ಮೆಟ್ಟಿಲಿಗೆ ಇಳಿಸುತ್ತದೆ. ಪುರಾಣದಲ್ಲಿ ಈ ಕೆಲಸವನ್ನು ಅಪ್ಸರೆಯರು ಮಾಡುತ್ತಿದ್ದರು.

ಓದುಗರು ಗಮನಿಸಿರಬಹುದು: ಇಷ್ಟು ಹೊತ್ತು ನಾವು ತೆಗೆದ ಗೀರು ಒಂದು, ಮಾಡಿದ ಗೀರು ಲಕ್ಷಾಂತರ. ಇದೇ ಈ ಶಾಸ್ತ್ರದ ಗುಟ್ಟು. ಗೀರು ಹೋಗುವುದೆಂಬುದಿಲ್ಲ, ಚಿಕ್ಕದಾಗುವುದು ಅಷ್ಟೇ. 2000ರ ಪೇಪರಿನ ಕಣವೇ ಸುಮಾರು 10 ಮೈಕ್ರಾನ್. ನಮಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್. ಅದರಿಂದಲೇ ಪೇಪರಿನಲ್ಲಿ ಕೆಲಸ ಮುಗಿಯದು. ಪ್ಲಾಸ್ಟಿಕ್ಕಿನ ಪಾಲಿಶನ್ನು ಮೆದುಬಟ್ಟೆಗೆ ಹಾಕಿ, ಗೀರುಗಳು ತರಂಗಾಂತರಕ್ಕಿಂತ ಸಣ್ಣವಾಗುವ ತನಕ ತಿಕ್ಕಬೇಕು. ಆಮೇಲೆ ಬೆಳಕಿಗೆ ಅವು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಪರಿಶೋಧನೆಗೆ ಸಿಗದಷ್ಟು ಸಣ್ಣ ಮೊತ್ತಗಳಾಗಿ ಹಂಚಿಬಿಡುವ ಕ್ರಮ ಬೇರೆ ಇಲಾಖೆಗಳಿಗೂ ತಿಳಿದದ್ದೇ.

ಅವಸರದವನು ಗೀರಿನ ಮೇಲಷ್ಟೇ ಉಜ್ಜುತ್ತಾನೆ. ಗೀರು ಹೋಗುತ್ತದೆ, ಅಲ್ಲೊಂದು ತಗ್ಗು ಬೀಳುತ್ತದೆ, ತಗ್ಗು ಮಸೂರವಾಗುತ್ತದೆ. ಅದರ ಮೂಲಕ ನೋಡಿದರೆ ವಿದ್ಯುತ್ ಕಂಬಗಳು ಸೊಂಟ ಬಳುಕಿಸುತ್ತವೆ. ಉಜ್ಜಲು ತಡಮಾಡಿದವನ ಗತಿಯೂ ಹಗುರವಲ್ಲ. ನಾನಾ ದಿಕ್ಕಿನ ನವಿರು ಗೀರುಗಳಲ್ಲಿ ಬೆಳಕಿನತ್ತ ಹೋಗುವ ನೋಟಕ್ಕೆ ಅಡ್ಡಲಾಗಿರುವವು ಮಾತ್ರ ಕಣ್ಣಿಗೆ ಹೊಳೆಯುವುದರಿಂದ, ರಾತ್ರಿ ಎದುರು ಬರುವ ಒಂದೊಂದು ಲಾರಿಯ ದೀಪದ ಸುತ್ತಲೂ ಉತ್ಸವಮೂರ್ತಿಗಿರುವಂಥ ಪ್ರಭಾವಳಿ ಏಳುತ್ತದೆ. ಭಕ್ತಿ ಹೆಚ್ಚುತ್ತದೆ, ರಸ್ತೆ ಕಾಣುವುದಿಲ್ಲ.

ಗುಮ್ಮಟದ ಮಾತಾಯಿತು. ಬ್ರಿಟನ್ನಿನ ಟ್ರಯಂಫ್ ಟಿಆರ್3ರಂಥ ಕಾರುಗಳ ಜಾರುಕಿಟಕಿಗೆ ಒಂದೇ ಮಾತು: ಅಡ್ಡಡ್ಡಲಾಗಿ ಸಾಲುಗೆರೆಗಳಿದ್ದರೆ ಅಪರಾಧಿ ಕಿಟಕಿ ಜಾರುವ ಜಾಡಿನೊಳಗಿನ ಮಣ್ಣು. ಅದನ್ನು ಬಳಿದು ತೆಗೆಯದೆ ಕಿಟಕಿ ಉಜ್ಜುವುದು ವ್ಯರ್ಥ.

ಕೊನೆಯದಾಗಿ ಪ್ರಾರಬ್ಧ. ಓರೆಬೆಳಕಿನಲ್ಲಿ ಕಿಟಕಿಯ ಮೈಯೊಳಗೆ ಬೆಳ್ಳಿಯ ಎಳೆಗಳಂತೆ ಮಿನುಗುವ ಸೂಕ್ಷ್ಮ ಬಿರುಕುಗಳು ಕಂಡರೆ ಪೇಪರ್ ಕೆಳಗಿಡಿ. ಅವು ಮೇಲಿಂದ ಬಿದ್ದ ಗೀರಲ್ಲ; ಪೆಟ್ರೋಲ್, ಥಿನ್ನರ್, ಅಸಿಟೋನ್, ಸ್ಪಿರಿಟ್, ಅಮೋನಿಯಾ ಬೆರೆತ ಗಾಜು ತೊಳೆಯುವ ದ್ರವ, ಇವುಗಳಲ್ಲಿ ಯಾವುದನ್ನೋ ಯಾರೋ ಸುರಿದದ್ದರ ಫಲ. ಬಿಗಿತದಲ್ಲಿರುವ ಅಕ್ರಿಲಿಕ್ಕಿಗೆ ಇವು ತಗುಲಿದರೆ ಒಳಗೇ ಸೀಳುತ್ತದೆ. ಉಜ್ಜಿದಷ್ಟೂ ಇನ್ನಷ್ಟು ಬಿರುಕು ಮೇಲೆ ಬರುತ್ತದೆ. ಅನುಭವಿಸಬೇಕು, ಇಲ್ಲವೇ ಹೊಸ ಗುಮ್ಮಟ ತರಿಸಬೇಕು.

ಇನ್ನೊಂದು ವಿನಂತಿ. ಗಾಜು ಒರೆಸಲು ಹಳೇ ಪತ್ರಿಕೆಗಿಂತ ಉತ್ತಮವಾದದ್ದಿಲ್ಲ ಎಂದು ನಂಬಿ ಬೆಳೆದವರು ನಾವು. ಇಂಥ ಪತ್ರಿಕೆಗಳ ನುಣುಪು ಹಾಳೆಗೆ ಜೇಡಿಮಣ್ಣು, ಸುಣ್ಣಕಲ್ಲಿನ ಪುಡಿ ಬಳಿದಿರುತ್ತಾರೆ. ಆದ್ದರಿಂದ ಈ ಪ್ರಬಂಧವನ್ನು ಓದಿ ಆದಮೇಲೆ ದಯವಿಟ್ಟು ಇದರಿಂದಲೇ ಕಿಟಕಿ ಒರೆಸಬೇಡಿ.