ಸಾಹೇಬರು ಈಗ ಕಾಯುತ್ತಿದ್ದಾರೆ

ಅರವತ್ತು ತುಂಬಿ, ಶಾಲು-ಹಾರ-ಹಣ್ಣಿನ ಬುಟ್ಟಿ ಮನೆಗೆ ಬಂದು, ಪಿಂಚಣಿ ಕಾಗದಗಳೆಲ್ಲ ಒಂದು ದಡ ಸೇರಿದ ಮೇಲೆ ನಮ್ಮ ಊರುಗಳ ಗಂಡಸರಿಗೆ ಹೆಚ್ಚು ದಾರಿಗಳೇನೂ ಉಳಿದಿರುವುದಿಲ್ಲ. ಕೆಲವರು ಬಡಾವಣೆ ಸಂಘದ ಕಾರ್ಯದರ್ಶಿಗಳಾಗಿ ನೀರು-ಚರಂಡಿಯ ಜಗಳಗಳಲ್ಲಿ ಹಳೆಯ ಅಧಿಕಾರದ ಒಂದು ಚೂರನ್ನು ಉಳಿಸಿಕೊಳ್ಳುತ್ತಾರೆ. ಕೆಲವರು ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಸೇರುತ್ತಾರೆ. ಮಿಕ್ಕವರು ಉದ್ದನೆಯ ಲೆನ್ಸ್ ಕೊಳ್ಳುತ್ತಾರೆ. ಇವರನ್ನು ಲೆನ್ಸ್ ರಾಯರು ಎನ್ನೋಣ. ಗೌಡರೂ ಆಗಿರಬಹುದು, ಪಾಟೀಲರೂ ಶೆಟ್ಟರೂ ಆಗಿರಬಹುದು. ಗುರುತು ಹಿಡಿಯುವುದು ಕಷ್ಟವಲ್ಲ. ಬೆಳಗಿನ ಐದೂವರೆಗೆ ಕೆರೆ ಏರಿಯ ಮೇಲೆ ಎಲೆ ಅಚ್ಚಿನ ಟೋಪಿ, ಮೈತುಂಬ ಜೇಬುಗಳಿರುವ ಹಸಿರು ಜಾಕೀಟು, ಹಕ್ಕಿಯ ಕಣ್ಣಿಗೆ ಬೀಳದಿರಲು ಇಷ್ಟೆಲ್ಲ ವೇಷ ಕಟ್ಟಿ, ಕಾಲಿಗೆ ಮಾತ್ರ ಫಳಫಳಿಸುವ ಬಿಳಿ ವಾಕಿಂಗ್ ಶೂ. ಪ್ರಕೃತಿಪ್ರೇಮ ತಮ್ಮನ್ನು ಇಲ್ಲಿಗೆ ಎಳೆತಂದಿತು ಎಂದು ಅವರು ಹೇಳುತ್ತಾರೆ. ಇರಬಹುದು. ಆದರೆ ನನ್ನ ವಾದ ಬೇರೆ. ಮೂವತ್ತು-ಮೂವತ್ತೈದು ವರ್ಷ ಊರಿನವರನ್ನೆಲ್ಲ ಕಾಯಿಸಿದವರು ಈಗ ತಾವು ಕಾಯುವುದನ್ನು ಕಲಿಯುತ್ತಿದ್ದಾರೆ, ಆ ಪಾಠಕ್ಕೆ ಹಕ್ಕಿಗಿಂತ ಕಟ್ಟುನಿಟ್ಟಿನ ಮೇಷ್ಟ್ರು ಸಿಗುವುದಿಲ್ಲ.

ಮಿಂಚುಳ್ಳಿಯನ್ನೇ ನೋಡಿ. ಅದಕ್ಕೆ ತನ್ನದೇ ಒಂದು ಒಣಕೊಂಬೆಯೋ ಬೇಲಿಗೂಟವೋ ಇರುತ್ತದೆ. ಅಲ್ಲಿಂದ ನೀರಿಗೆ ಧುಮುಕಿ, ಮೀನು ಕಚ್ಚಿಕೊಂಡು ಅಲ್ಲಿಗೇ ಮರಳಿ, ಕೊಂಬೆಗೆ ಬಡಿದು ನುಂಗುತ್ತದೆ. ಜಾಗ ಗೊತ್ತು, ಅಭ್ಯಾಸ ಗೊತ್ತು, ಬರುವ ಹೊತ್ತು ಮಾತ್ರ ಅದರ ಮರ್ಜಿ. ರಾಯರ ಬಗ್ಗೆ ಜನರಿಗೆ ಇದ್ದ ಮಾಹಿತಿಯೂ ಇಷ್ಟೇ. ಕುರ್ಚಿ ಗೊತ್ತಿತ್ತು, ಅದಕ್ಕೆ ಹೊದಿಸಿದ ಟವೆಲ್ಲೂ ಗೊತ್ತಿತ್ತು, ಸಾಹೇಬರು ಬರುವುದು ಯಾವಾಗ ಎಂದರೆ ಜವಾನನೂ ಸೂರು ನೋಡುತ್ತಿದ್ದ. ಈಗ ಹತ್ತೂವರೆಗೆ ಹೋದರೆ ನಡೆಯುವುದಿಲ್ಲ. ಬಿಸಿಲೇರಿದಂತೆ ನೆಲದಿಂದ ಏಳುವ ಬಿಸಿಗಾಳಿ ಉದ್ದ ಲೆನ್ಸಿನಲ್ಲಿ ಹಕ್ಕಿಯ ಗರಿಗಳನ್ನೆಲ್ಲ ಕಲಸಿಬಿಡುತ್ತದೆ. ಆದ್ದರಿಂದ ಹೊತ್ತು ಮೂಡುವ ಮುಂಚೆ ಹಾಜರಿ, ಮೂರು ಗಂಟೆ ಕಾಯುವುದು, ಕೊನೆಗೆ ‘ಇವತ್ತು ಬರಲಿಲ್ಲ, ನಾಳೆ ನೋಡೋಣ’ ಎಂದು ಟ್ರೈಪಾಡ್ ಮಡಚುವುದು. ದಾಂಡೇಲಿ ಸಮೀಪದ ಗಣೇಶಗುಡಿಯಲ್ಲಿ ಹಕ್ಕಿಗಳು ಮೀಯಲೆಂದು ನೀರಿನ ತೊಟ್ಟಿಗಳಿವೆ. ಎದುರಿಗೆ ಒಂದು ಮರೆ, ಮರೆಯ ಹಿಂದೆ ನಿವೃತ್ತ ಉಪನಿರ್ದೇಶಕರು, ನಿವೃತ್ತ ಮ್ಯಾನೇಜರು, ನಿವೃತ್ತ ಇಂಜಿನಿಯರು ಕೆಮ್ಮನ್ನೂ ನುಂಗಿಕೊಂಡು ಸಾಲಾಗಿ ಕೂತಿರುತ್ತಾರೆ. ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ಅರ್ಜಿ ಹಿಡಿದು ಕೂತವರ ಮುಖದಲ್ಲಿ ಇರುತ್ತಿದ್ದ ವಿನಯವೇ ಈಗ ಇವರ ಮುಖದಲ್ಲೂ ಇದೆ. ದರ್ಶನ ಕೊಡಬೇಕಾದ ಸಾಹೇಬರು ಮಾತ್ರ ಮುಷ್ಟಿಗಿಂತ ಚಿಕ್ಕದಾದ ಒಂದು ನೊಣಹಿಡುಕ.

ಹಾಗೆಂದು ಕಚೇರಿ ಅಷ್ಟು ಬೇಗ ಮೈಬಿಟ್ಟು ಹೋಗುವುದಿಲ್ಲ. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಗುಂಡಿ ಒತ್ತುವ ಮುಂಚೆ ತೊಳೆಸುವ ಖರ್ಚು ಕಣ್ಣೆದುರು ಬರುತ್ತಿತ್ತು. ಈಗಿನ ಕ್ಯಾಮೆರಾ ಸೆಕೆಂಡಿಗೆ 10, 20 ಚಿತ್ರಗಳನ್ನು ಸಲೀಸಾಗಿ ತೆಗೆಯುತ್ತದೆ. ಬೆಳ್ಳಕ್ಕಿಯೊಂದು ಕತ್ತು ತಿರುಗಿಸಿ ಮತ್ತೆ ನೆಟ್ಟಗೆ ಮಾಡುವುದರೊಳಗೆ ಹಳೆಯ ಎರಡು ರೋಲು ಮುಗಿದಿರುತ್ತವೆ. ಇದರಲ್ಲಿ ಯಾವುದನ್ನು ಅಳಿಸುವುದು? ಕಡತ ನಾಶಪಡಿಸುವ ಧೈರ್ಯ ರಾಯರಿಗೆ ಸೇವೆಯಲ್ಲಿದ್ದಾಗಲೂ ಇರಲಿಲ್ಲ. ಹಾಗಾಗಿ ಎಲ್ಲವೂ ಹಾರ್ಡ್ ಡಿಸ್ಕಿನಲ್ಲಿ ವರ್ಷ, ಸ್ಥಳ, ಕ್ರಮಸಂಖ್ಯೆ ಸಮೇತ ಕೂತಿವೆ, ‘ಎಡಿಟಿಂಗ್ ಬಾಕಿ’ ಎಂಬ ಫೋಲ್ಡರ್ ಎಲ್ಲಕ್ಕಿಂತ ದಪ್ಪಗಿದೆ. ದಿನಕ್ಕೊಂದು ಚಿತ್ರ ಶುಭೋದಯದ ಜೊತೆಗೆ ವಾಟ್ಸಾಪ್ ಗುಂಪಿಗೆ ಸುತ್ತೋಲೆಯಾಗಿ ಹೊರಡುತ್ತದೆ. ಕೆಳಗೆ ಷಟರ್ ವೇಗ 1/2000, ಐಎಸ್‌ಒ 800 ಎಂಬ ಷರಾ. ಕೊಕ್ಕು ಕಪ್ಪಾಗಿದ್ದು ಪಾದ ಹಳದಿಯಾಗಿದ್ದರೆ ಅದು ಚಿಕ್ಕ ಬೆಳ್ಳಕ್ಕಿ, ಅಲ್ಲಿಗೆ ಪ್ರಶ್ನೆ ಮುಗಿಯಬೇಕು. ಮುಗಿಯುವುದಿಲ್ಲ. ಹಕ್ಕಿ ಚಿಕ್ಕದೋ ನಡುಗಾತ್ರದ್ದೋ ಎಂಬ ತಕರಾರು ಸೇವಾ ಜ್ಯೇಷ್ಠತೆಯ ಪಟ್ಟಿಯ ವ್ಯಾಜ್ಯದಂತೆ ವಾರಗಟ್ಟಲೆ ಎಳೆಯುತ್ತದೆ, ಒಬ್ಬರು ಗುಂಪು ಬಿಟ್ಟು ಹೋಗುತ್ತಾರೆ, ಅವರನ್ನು ಸಮಾಧಾನಪಡಿಸಿ ಮತ್ತೆ ಸೇರಿಸಲಾಗುತ್ತದೆ.

ವಿಡಿಯೊಗೆ ಬಂದರೆ ಹಕ್ಕಿಗಿಂತ ರಾಯರೇ ಹೆಚ್ಚು ದಾಖಲಾಗುತ್ತಾರೆ. 600 ಮಿಲಿಮೀಟರ್ ಲೆನ್ಸು ದೂರದ ಹಕ್ಕಿಯನ್ನು ಎಷ್ಟು ಹತ್ತಿರಕ್ಕೆ ತರುತ್ತದೋ ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಉಸಿರೆಳೆದರೆ ಸಾಕು, ದಿಗಂತ ಏರಿ ಇಳಿಯುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ತೆಗೆದರಂತೂ ಕಾವೇರಿಯೇ ಕ್ಯಾಮೆರಾ ಹಿಡಿದ ಹಾಗಿರುತ್ತದೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಬಂಡೆಯ ಮೇಲೆ ಬಾಯಿ ತೆರೆದು ಮೈ ಕಾಯಿಸಿಕೊಳ್ಳುವ ಮೊಸಳೆ, ಮರದ ತುಂಬ ಬಣ್ಣದ ಕೊಕ್ಕರೆ, ನೋಡುವುದಕ್ಕೆ ಏನೂ ಕೊರತೆಯಿಲ್ಲ. ಧ್ವನಿಗೂ ಕೊರತೆಯಿಲ್ಲ: ಮೈಕಿಗೆ ನುಗ್ಗುವ ಗಾಳಿ, ರಾಯರ ಏದುಸಿರು, ಹಿಂದಿನಿಂದ ‘ಏನ್ರೀ, ಆ ಮೊಸಳೆ ಎಲ್ಲೂ ಹೋಗಲ್ಲ, ಮೊದಲು ಟೋಪಿ ಸರಿಯಾಗಿ ಹಾಕ್ಕೊಳ್ಳಿ’. ಹನ್ನೊಂದು ನಿಮಿಷದ ಈ ಚಿತ್ರ ಸ್ಯಾನ್ ಹೋಸೆಯಲ್ಲಿರುವ ಮಗನಿಗೆ ತಲುಪುತ್ತದೆ. ಅರ್ಧ ನಿಮಿಷದೊಳಗೆ ‘ಸೂಪರ್ ಅಪ್ಪಾ’ ಎಂದು ಉತ್ತರ ಬರುತ್ತದೆ. ರಾಯರಿಗೆ ಲೆಕ್ಕ ತಿಳಿಯದೇ ಇಲ್ಲ. ಓದದೆ ಸಹಿ ಹಾಕಿದ ಅನುಭವ ಅವರಿಗೂ ಉಂಟು.

ಇದೆಲ್ಲ ಅಧಿಕಪ್ರಸಂಗ, ಚಿತ್ರ ತೆಗೆಯುವುದಕ್ಕೂ ನಿವೃತ್ತಿಗೂ ಏನು ಸಂಬಂಧ ಎಂದು ಆಕ್ಷೇಪಿಸಬಹುದು. ನ್ಯಾಯವೇ. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು, ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಹೌದು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಬರವಣಿಗೆಯ ಜೊತೆಜೊತೆಗೇ ಹಕ್ಕಿಗಳ ಹಿಂದೆ ಬಿದ್ದಿದ್ದರು. ಕೃಪಾಕರ-ಸೇನಾನಿ ಕಾಡುನಾಯಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಅಲೆದರು. ಇವರಾರೂ ಬೀಳ್ಕೊಡುಗೆ ಸಮಾರಂಭಕ್ಕೆ ಕಾದು ಕೂರಲಿಲ್ಲ. ಆದರೆ ಇವರು ನನ್ನ ವಾದವನ್ನು ಮುರಿಯುವುದಿಲ್ಲ, ಕಾಯುವ ವಿದ್ಯೆ ಅವರಿಗೆ ಮೊದಲೇ ಬಂದಿತ್ತು ಅಷ್ಟೆ. ರಾಯರು ತಡವಾಗಿ ಶಾಲೆಗೆ ಸೇರಿದವರು. ಇನ್ನು ದುಡ್ಡಿನ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ. ಸೈಟು ಕೊಂಡು ಕೋರ್ಟಿಗೆ ಅಲೆಯುವುದಕ್ಕಿಂತ ಲೆನ್ಸು ಅಗ್ಗ. ಮಂಡಿನೋವೆಂದು ಅಕ್ಕಿ ಚೀಲ ಮುಟ್ಟದವರು ಮೂರು ಕಿಲೋ ಸಾಮಾನು ಹೊತ್ತು ಗುಡ್ಡ ಹತ್ತುವುದನ್ನು ವೈದ್ಯರೂ ಮೆಚ್ಚಿಯಾರು, ಮನೆಯವರು ಮೆಚ್ಚದಿದ್ದರೂ.

ಒಂದು ಆಕ್ಷೇಪಕ್ಕೆ ಮಾತ್ರ ನಗುತ್ತ ಉತ್ತರಿಸುವಂತಿಲ್ಲ. ಕಾಯುವ ತಾಳ್ಮೆ ತಪ್ಪಿದ ದಿನ ರಾಯರು ಮೊಬೈಲಿನಲ್ಲಿ ಹಕ್ಕಿಯ ಕೂಗನ್ನೇ ನುಡಿಸಿ ಹಕ್ಕಿಯನ್ನು ಕರೆಸುತ್ತಾರೆ. ಇದು ಶುದ್ಧ ಸಮನ್ಸು. ತನ್ನ ಸರಹದ್ದಿಗೆ ಇನ್ನೊಂದು ಗಂಡು ನುಗ್ಗಿತೆಂದು ಹಕ್ಕಿ ತಿನ್ನುವುದನ್ನೂ ಮರಿಗಳನ್ನೂ ಬಿಟ್ಟು ಜಗಳಕ್ಕೆ ಬರುತ್ತದೆ. ಗೂಡಿನ ಮುಂದಿನ ರೆಂಬೆಯನ್ನು ‘ಸ್ವಲ್ಪ’ ಸರಿಸುವುದೂ ಹಾಗೆಯೇ. ಚಿತ್ರ ಸ್ಪಷ್ಟವಾಗುತ್ತದೆ, ಮರಿಗಳು ಬಿಸಿಲಿಗೂ ಕಾಗೆಗೂ ಅಷ್ಟೇ ಸ್ಪಷ್ಟವಾಗುತ್ತವೆ. ಗೂಡಿನ ಚಿತ್ರಗಳನ್ನು ಹಲವು ಸ್ಪರ್ಧೆಗಳು ತಿರಸ್ಕರಿಸುವುದು ಇದಕ್ಕೇ. ಕೊಕ್ಕರೆಬೆಳ್ಳೂರಿನ ಜನ ಮನೆಯ ಪಕ್ಕದ ಹುಣಸೆಮರದಲ್ಲಿ ಹೆಜ್ಜಾರ್ಲೆ ಮರಿ ಮಾಡಿದರೂ ತಮ್ಮ ಪಾಡಿಗೆ ತಾವಿರುತ್ತಾರೆ; ಅಲ್ಲಿಗೆ ಹೋದ ರಾಯರು ಮಾಡಬೇಕಾದ್ದೂ ಅದೇ.

ಈ ಚಿತ್ರದಲ್ಲಿ ಹೆಂಗಸರೇಕಿಲ್ಲ ಎಂದು ಕೇಳುವವರಿದ್ದಾರೆ. ಅವರಿಗೆ ಈ ತರಬೇತಿಯ ಅಗತ್ಯವಿಲ್ಲ, ಕಾರಣ ಇಷ್ಟೆ. ಶಾಲೆಯಲ್ಲೋ ಬ್ಯಾಂಕಿನಲ್ಲೋ ದುಡಿದು ನಿವೃತ್ತರಾದ ರಾಯರ ಹೆಂಡತಿ ಹಾಲು ಉಕ್ಕುವುದಕ್ಕೆ, ಬಸ್ಸು ಬರುವುದಕ್ಕೆ, ಗಂಡ ಊಟಕ್ಕೆ ಏಳುವುದಕ್ಕೆ ಕಾದು ಪಳಗಿದವರು. ತಾರಸಿಯ ನಿಂಬೆಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಚುಕ್ಕೆಯೊಂದು ನಿಜಕ್ಕೂ ಚಿಟ್ಟೆಯ ಹುಳು ಎಂದು ಅವರಿಗೆ ಗೊತ್ತು. ಅದು ಹಸಿರಾಗಿ, ಗೂಡು ಕಟ್ಟಿ, ಒಂದು ಬೆಳಿಗ್ಗೆ ಒದ್ದೆ ರೆಕ್ಕೆ ಬಿಚ್ಚುವ ತನಕ ಒಗೆದ ಬಟ್ಟೆ ಹರವಲು ಹೋದಾಗಲೆಲ್ಲ ಮೊಬೈಲಿನಲ್ಲೇ ಒಂದೊಂದು ಚಿತ್ರ ತೆಗೆದಿಡುತ್ತಾರೆ. ಟ್ರೈಪಾಡ್ ಇಲ್ಲ, ಟೋಪಿ ಇಲ್ಲ, ಚಿತ್ರಗಳು ಮಾತ್ರ ರಾಯರವಕ್ಕಿಂತ ಚೆನ್ನಾಗಿವೆ. ರಾಯರು ಅದನ್ನು ಒಪ್ಪುತ್ತಾರೆ, ಗುಂಪಿಗೆ ಕಳಿಸುತ್ತಾರೆ ಕೂಡ. ಮೂಲೆಯಲ್ಲಿರುವ ವಾಟರ್‌ಮಾರ್ಕ್ ಅವರದೇ. ಕೆಳಗಿನವರು ಬರೆದ ಟಿಪ್ಪಣಿಗೆ ಮೇಲಿನವರು ಸಹಿ ಹಾಕುವುದು ಮೊದಲಿನಿಂದಲೂ ರೂಢಿ.